ಲೆಫ್ಟ್ ಬ್ಯಾಕ್ ಜಾಗಕ್ಕೆ ಒಬ್ಬ ಬೇಕಾಗಿದ್ದಾನೆ

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಾನು ಈ ಜೀವಮಾನದಲ್ಲಿ ಫುಟ್‌ಬಾಲ್ ಚೆಂಡಿಗೆ ಒದ್ದಿದ್ದು ಒಂದೇ ಸಲ. ಅದು ನೆಟ್ಟಗೆ ಹೋಗಿ ಚರಂಡಿಗೆ ಬಿತ್ತು. ಇಂಥವನು ಹದಿನೈದು ವರ್ಷದಿಂದ ಚಿತ್ರದುರ್ಗದ ಒಂದು ಫುಟ್‌ಬಾಲ್ ತಂಡಕ್ಕೆ ಕಾರ್ಯದರ್ಶಿ. ಸರ್ವೆ ಇಲಾಖೆಯ ನೌಕರ ಅಂತ ಮೈದಾನಕ್ಕೆ ಗೆರೆ ಹಾಕಿಕೊಡಲು ಕರೆದರು; ಅಕ್ಷರ ದುಂಡಗಿದೆ ಅಂತ ಹೆಸರು ಬರೆಯಲು ಕೂರಿಸಿದರು; ಹೆಸರು ಬರೆಯುವವನಿಗೆ ಹೆಸರು ಹೊಡೆದು ಹಾಕುವ ಅಧಿಕಾರವೂ ತಾನಾಗಿಯೇ ಬಂತು. ಜಗತ್ತಿನ ಬಹಳಷ್ಟು ಅಧಿಕಾರಗಳು ಹೀಗೇ ಬರುತ್ತವೆ ಅಂತ ಕಾಣುತ್ತದೆ.

ನಮ್ಮಲ್ಲಿ ಬೇಸಿಗೆಗೆ ಆಟ ಇಲ್ಲ. ಮಾರ್ಚ್ ಕಳೆಯಿತೆಂದರೆ ಮೈದಾನ ರೊಟ್ಟಿ ಹೆಂಚು. ಸುತ್ತಲ ಬಂಡೆಗಳು ಹಗಲೆಲ್ಲ ಬಿಸಿಲು ಕುಡಿದು ಸಂಜೆ ಅದನ್ನೇ ವಾಪಸ್ ಕಾರುತ್ತವೆ. ಆಟವಿಲ್ಲದ ಆ ಮೂರು ತಿಂಗಳು ಕಾರ್ಯದರ್ಶಿಯ ಸುಗ್ಗಿ. ಫ್ಯಾನಿನ ಕೆಳಗೆ ಕೂತು, ಯಾವ ಜಾಗಕ್ಕೆ ಯಾರು ಸಾಲದು, ಎಲ್ಲಿ ಹೊಸಬ ಬೇಕು ಎಂದು ಪಟ್ಟಿ ಮಾಡುವುದರಲ್ಲಿ ಒಂದು ವಿಚಿತ್ರ ಸುಖವಿದೆ. ಮದುವೆಗೆ ಹೋದರೆ ಅಡಿಗೆಯವನನ್ನು ಬದಲಾಯಿಸಬೇಕು ಅನ್ನುತ್ತೇವೆ, ಪೇಪರು ಓದಿದರೆ ಮಂತ್ರಿಯನ್ನು. ನಾವು ಕೂತ ಕುರ್ಚಿಯೊಂದನ್ನು ಬಿಟ್ಟು ಲೋಕದ ಎಲ್ಲ ಜಾಗಕ್ಕೂ ಇನ್ನೂ ಒಳ್ಳೆಯವರು ಸಿಕ್ಕಾರು ಎಂದು ನಮಗೆ ಖಾತ್ರಿ. ಗೋಲು ಕಾಯುವ ಗೋಲಿಯ ವಿಷಯಕ್ಕೆ ಮಾತ್ರ ನಾನು ಕೈ ಹಾಕುತ್ತಿರಲಿಲ್ಲ. ಹಿರಿಯೂರಿನ ಓಬಳೇಶ ಇದ್ದ. ದುರ್ಗದಲ್ಲಿ ಒಂದು ಕಬ್ಬಿಣದ ಅಂಗಡಿಯಲ್ಲಿ ಕೆಲಸ, ವಾರಪೂರ್ತಿ ಇಲ್ಲೇ ರೂಮು. ಅಲ್ಲದೆ ಕಿಂಡಿ ಕಾಯುವ ವಿದ್ಯೆಯನ್ನು ಈ ಸೀಮೆಯವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ.

ನಾನು ಕೈ ಹಾಕಿದ್ದು ಎಡಗಡೆಯ ಹಿಂಬದಿಗೆ, ಎಲ್ಲರೂ ಲೆಫ್ಟ್ ಬ್ಯಾಕ್ ಅನ್ನುವ ಜಾಗಕ್ಕೆ. ಅಲ್ಲಿ ಹನ್ನೊಂದು ವರ್ಷದಿಂದ ಕೆಂಚಪ್ಪ ಆಡುತ್ತಿದ್ದ. ವೆಲ್ಡಿಂಗ್ ಅಂಗಡಿಯ ಕೆಲಸಗಾರ. ವಯಸ್ಸು ನಲವತ್ತರ ಹತ್ತಿರ. ಎತ್ತರದ ಚೆಂಡು ತನ್ನ ಕಡೆ ಬಂದರೆ ಉಳಿದವರು ಗಂಟಲು ಹರಿದುಕೊಳ್ಳುತ್ತಾರೆ. ಕೆಂಚಪ್ಪ ಮಾತ್ರ ಮನೆಯಲ್ಲಿ ತಮ್ಮನಿಗೆ ಹೇಳುವ ಹಾಗೆ ತಗ್ಗಿದ ದನಿಯಲ್ಲಿ, "ಬಿಡಲೇ, ನಂದು" ಅನ್ನುತ್ತಿದ್ದ. ಎಲ್ಲರೂ ಸರಿದು ಜಾಗ ಕೊಡುತ್ತಿದ್ದರು. ಆದರೆ ಹನ್ನೊಂದನೆಯ ವರ್ಷ ಅವನ ಕಾಲು ಸೋತಿದ್ದವು. ಮೂರು ಆಟದಲ್ಲಿ ಎದುರಿನವರು ಅವನ ಪಕ್ಕದಿಂದಲೇ ನುಸುಳಿ ಹೋದರು.

ನಾಲ್ಕು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ನಾನು ಒಂದು ಹಾಳೆಯಲ್ಲಿ "ಲೆಫ್ಟ್ ಬ್ಯಾಕ್: ಬದಲಾಯಿಸತಕ್ಕದ್ದು" ಎಂದು ಬರೆದು ಮೈದಾನದ ಪಕ್ಕದ ಚಾ ಅಂಗಡಿಯ ಗೋಡೆಗೆ ಅಂಟಿಸಿದೆ. ಅದರ ಫೋಟೊ ತೆಗೆದು ತಂಡದ ಮೊಬೈಲ್ ಗುಂಪಿಗೂ ಹಾಕಿದೆ. ಕೆಂಚಪ್ಪನಿಗೆ ಎದುರಿಗೆ ನಿಂತು ಹೇಳಲಿಲ್ಲ. ಹೇಳಬೇಕು ಅನ್ನಿಸಿತ್ತು. ಆದರೆ ಸರ್ಕಾರಿ ನೌಕರನಿಗೆ ಗೋಡೆ ಇರುವಾಗ ಬಾಯಿ ಯಾಕೆ?

ಅವನು ಬಂದ, ಓದಿದ, ಚಾ ಕುಡಿದ. ನಾನು ಬೆಂಚಿನ ಮೇಲೆ ಪೇಪರಿನ ಹಿಂದೆ ಅಡಗಿದ್ದೆ. ಹೋಗುವಾಗ ನನ್ನ ಪಕ್ಕ ನಿಂತು, "ಚೆನ್ನಾಗಿ ಬರ್ದಿದೀರಿ ಸಾ. ಅಕ್ಷರ ದುಂಡಗೈತೆ" ಅಂದ. ಅಷ್ಟೇ. ಆಮೇಲೆ ಅವನು ಮೈದಾನದ ಕಡೆ ಬರಲಿಲ್ಲ. ಎರಡು ತಿಂಗಳು ಬಿಟ್ಟು ಚಾ ಅಂಗಡಿಯ ರುದ್ರಣ್ಣನನ್ನು ಕೇಳಿದೆ. ಬಾಣಲೆಯ ಮುಂದೆ ನಿಂತಿದ್ದ ರುದ್ರಣ್ಣ, "ಕೆಂಚಪ್ಪ ಹೋದ ಸಾ" ಅಂದ. ಇನ್ನೊಂದು ಮಾತು ಕೇಳುವ ಧೈರ್ಯವಾಗದೆ ಎದ್ದು ಬಂದೆ. ಮನೆಗೆ ಬಂದು ಅವನ ನಂಬರಿಗೆ ಫೋನು ಮಾಡಿದರೆ, ಆ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎಂದು ಒಬ್ಬ ಹೆಂಗಸು ಬಹಳ ಸ್ಪಷ್ಟವಾಗಿ ಹೇಳಿದಳು. ತಂಡದವರಿಗೆಲ್ಲ ನಾನೇ ಸುದ್ದಿ ಮುಟ್ಟಿಸಿದೆ. ಒಂದು ನಿಮಿಷ ಮೌನ ಆಚರಿಸಿ ಆಟ ಶುರು ಮಾಡಿದೆವು.

ಆ ವರ್ಷ ಎಡಗಡೆಗೆ ಹೊಳಲ್ಕೆರೆಯಿಂದ ಒಬ್ಬ ಒಳ್ಳೆಯ ಆಟಗಾರನನ್ನು ತಂದೆ. ಎರಡು ಆಟ ಚೆನ್ನಾಗಿ ಆಡಿದ. ಮೂರನೆಯದರಲ್ಲಿ ನೇರ ತನ್ನ ಕಾಲಿಗೆ ಬಂದ ಚೆಂಡನ್ನು, ಹಿರಿಯರು ಬಂದಾಗ ಬಾಗಿಲಲ್ಲಿ ಪಕ್ಕಕ್ಕೆ ಸರಿಯುತ್ತೇವಲ್ಲ, ಹಾಗೆ ಸರಿದು ಬಿಟ್ಟುಕೊಟ್ಟ. ಗೋಲಾಯಿತು. ಕೇಳಿದರೆ, "ಗೋಲಿ ಬಿಡು ಅಂದ" ಅಂದ. ಓಬಳೇಶ ತಾನು ತುಟಿ ಎರಡು ಮಾಡಿಲ್ಲ ಎಂದು ಆಣೆ ಮಾಡಿದ. ಮರು ವರ್ಷದವನದೂ ಅದೇ ಕತೆ. ಅದರ ಮರು ವರ್ಷದವನು ಅರ್ಧ ಆಟಕ್ಕೇ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಹೋದವನು ಮತ್ತೆ ಬರಲಿಲ್ಲ. ಏನಪ್ಪ ಆಯಿತು ಅಂದರೆ, "ಆ ಮೂಲೆಯಾಗೆ ಆಗ್ಲೇ ಒಬ್ಬರು ಅವ್ರೆ ಸಾ" ಅಂದ.

ಬಂಡೆಗಳ ಪ್ರತಿಧ್ವನಿ ಇರಬಹುದು ಅಂತ ನಾನು ಎಲ್ಲರಿಗೂ ವಿವರಿಸಿದೆ. ಒಳಗೆ ನನಗೇ ನಂಬಿಕೆಯಿರಲಿಲ್ಲ. ಬಂಡೆ ನೀವು ಕೊಟ್ಟ ಮಾತನ್ನು ವಾಪಸ್ ಕೊಡುತ್ತದೆ. ಯಾರೂ ಆಡದ ಮಾತನ್ನು ಎಲ್ಲಿಂದ ತರುತ್ತದೆ? ನನ್ನ ಕಸುಬಿನ ಜ್ಞಾನ ಬೇರೆ ಕಾಡುತ್ತಿತ್ತು. ಪಹಣಿಯಲ್ಲಿ ಜಮೀನಿನ ಮಾಲೀಕನ ಹೆಸರಿಗೆ ಒಂದು ಕಾಲಂ, ನಿಜವಾಗಿ ಉಳುತ್ತಿರುವವನ ಅನುಭವಕ್ಕೆ ಇನ್ನೊಂದು ಕಾಲಂ. ಎರಡರಲ್ಲೂ ಒಂದೇ ಹೆಸರಿರಬೇಕು ಅಂತೇನಿಲ್ಲ. ಎಷ್ಟೋ ಹೊಲಗಳಲ್ಲಿ ಮಾಲೀಕ ಬದಲಾದರೂ ಅನುಭವದವನು ಕದಲುವುದಿಲ್ಲ. ನಾನು ಬರೀ ಮಾಲೀಕನ ಹೆಸರು ತಿದ್ದುತ್ತಿದ್ದೇನೆ, ಆ ಮೂಲೆಯ ಅನುಭವ ಇನ್ನೂ ಬೇರೆಯವರದೇ ಎಂದು ಒಮ್ಮೊಮ್ಮೆ ಮಟಮಟ ಮಧ್ಯಾಹ್ನ ಆಫೀಸಿನಲ್ಲಿ ಕೂತಾಗ ಹೊಳೆಯುತ್ತಿತ್ತು.

ಹೋದ ವರ್ಷ ಹಿರೇಗುಂಟನೂರಿನ ಕಡೆ ಒಂದು ಹೊಲ ಅಳೆಯಲು ಹೋಗಿದ್ದೆ. ಅಲ್ಲೊಬ್ಬ ಕುರಿ ಕಾಯುತ್ತಿದ್ದ. ಹಿಂಡು ಪಕ್ಕದ ಶೇಂಗಾ ಹೊಲಕ್ಕೆ ನುಗ್ಗುವುದರಲ್ಲಿತ್ತು. ಅವನು ಓಡಲಿಲ್ಲ, ಕೂಗಲಿಲ್ಲ. ನಾಲ್ಕು ಹೆಜ್ಜೆ ಸರಿದು ಸರಿಯಾದ ಜಾಗದಲ್ಲಿ ನಿಂತ, ಅಷ್ಟೇ. ಇಡೀ ಹಿಂಡು ತಿರುಗಿತು. ಸರಪಳಿ ಕೆಳಗಿಟ್ಟು ಅವನ ಹೆಸರು ಕೇಳಿದೆ. ಚಿಕ್ಕಣ್ಣ, ಇಪ್ಪತ್ತಾರು ವರ್ಷ, ಕಾಲೇಜಿನಲ್ಲಿ ಎರಡು ವರ್ಷ ಫುಟ್‌ಬಾಲ್ ಆಡಿದ್ದ. ತಂಡಕ್ಕೆ ಕರೆದೆ. ಕರೆಯುವಾಗ ಮುಚ್ಚಿಡಬಾರದು ಅನ್ನಿಸಿ ದನಿಯ ವಿಷಯವನ್ನೂ ಹೇಳಿದೆ.

ಅವನು ಗಂಭೀರವಾಗಿ ಕೇಳಿಸಿಕೊಂಡ. "ಎಷ್ಟು ಸಲ ಕರೀತೈತೆ ಸಾ?"

"ಒಂದು ಸಲ ಅಂತಾರಪ್ಪ."

"ಹಂಗಾದ್ರೆ ಆಡ್ತೀನಿ. ಅಡವಿಯಾಗೆ ಹಿಂದಿನಿಂದ ಯಾರಾನ ಕರೆದ್ರೆ ಮೂರು ಸಲ ಕರೆಯೋ ಗಂಟ ತಿರುಗಬ್ಯಾಡ ಅಂತ ನಮ್ಮಜ್ಜ ಹೇಳ್ತಿತ್ತು. ಮನುಷ್ಯರಾದ್ರೆ ಮೂರು ಸಲ ಕರೀತಾರೆ. ಬ್ಯಾರೆದಾದ್ರೆ ಒಂದೇ ಸಲ."

ಚಿಕ್ಕಣ್ಣ ಆರು ಆಟ ಆಡಿದ. ಪ್ರತಿ ಆಟ ಮುಗಿದಾಗಲೂ ನಾನು ಮುಖ ನೋಡಿದರೆ ಒಂದು ಬೆರಳು ಎತ್ತಿ ತೋರಿಸುತ್ತಿದ್ದ: ಒಂದು ಸಲ ಕರೆಯಿತು, ತಿರುಗಲಿಲ್ಲ. ಏಳನೆಯ ಆಟ ಇಳಿಬಿಸಿಲಲ್ಲಿ ನಡೆಯುತ್ತಿತ್ತು. ಚೆಂಡು ಅವನತ್ತ ಬಂತು. ಚಿಕ್ಕಣ್ಣ ಇದ್ದಕ್ಕಿದ್ದಂತೆ ಚೆಂಡಿಗೆ ಬೆನ್ನು ಮಾಡಿ ಹಿಂದಕ್ಕೆ ತಿರುಗಿ ನಿಂತ. ಗೋಲಾಯಿತು. ಆಟ ಮುಗಿದ ಮೇಲೆ ನೀರಿನ ಕ್ಯಾನಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ.

"ಮೂರು ಸಲ ಕರೀತು ಸಾ. ತಿರುಗಿದೆ. ಯಾರೂ ಇರ್ಲಿಲ್ಲ. ಆದ್ರೆ ನೆಲದ ಮ್ಯಾಲೆ ಎರಡು ನೆಳ್ಳು ಬಿದ್ದಿದ್ವು. ಒಂದು ನಂದು." ಕ್ಯಾನಿನಿಂದ ನೀರು ಬಗ್ಗಿಸಿ ಮುಖಕ್ಕೆ ಎರಚಿಕೊಂಡು ಹೇಳಿದ: "ಇದು ದೆವ್ವ ಅಲ್ಲ ಸಾ. ಮೂರು ಸಲ ಕರೆದೈತೆ ಅಂದ್ರೆ ಮನುಷ್ಯಾನೇ."

ಮರುದಿನ ಸಂಜೆ ಐದಕ್ಕೆ, ತಂಡ ದಿನವೂ ಅಭ್ಯಾಸ ಶುರು ಮಾಡುವ ಹೊತ್ತಿಗೆ, ನಾನೇ ಆ ಮೂಲೆಯಲ್ಲಿ ಹೋಗಿ ನಿಂತೆ. ಪ್ಯಾಂಟು, ಇನ್‌ಶರ್ಟು, ಚಪ್ಪಲಿ. ಅಷ್ಟು ಹಾಸ್ಯಾಸ್ಪದನಾದ ಲೆಫ್ಟ್ ಬ್ಯಾಕನ್ನು ದುರ್ಗದ ಬಂಡೆಗಳು ಹಿಂದೆ ಕಂಡಿರಲಾರವು. ಉಳಿದವರನ್ನೆಲ್ಲ ಗೆರೆಯಾಚೆ ನಿಲ್ಲಿಸಿ ಓಬಳೇಶನಿಗೆ ಚೆಂಡನ್ನು ಎತ್ತರಕ್ಕೆ ನನ್ನ ಕಡೆ ಒದೆಯಲು ಹೇಳಿದೆ. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ನಿಂತುಬಿಟ್ಟಿದ್ದವು. ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಚೆಂಡು ಮೇಲೇರಿ ನನ್ನತ್ತ ಇಳಿಯತೊಡಗಿತು. ಆಗ ಬಲಗಿವಿಯ ಹತ್ತಿರ, ಒಂದು ಗೇಣು ದೂರದಲ್ಲಿ, ತಗ್ಗಿದ ದನಿ ಕೇಳಿಸಿತು.

"ಬಿಡ್ರಿ ಸಾ, ನಂದು."

ನಾನು ಅಲ್ಲೇ ಮಣ್ಣಿನಲ್ಲಿ ಕೂತೆ. ಚೆಂಡು ಪಕ್ಕದಲ್ಲಿ ಬಿದ್ದು ಪುಟಿದು ಹೋಯಿತು. ಭಯಕ್ಕಿಂತ ಹೆಚ್ಚಾಗಿ ನನ್ನನ್ನು ಕೆಡವಿದ್ದು ಆ 'ರಿ'. ಉಳಿದವರಿಗೆಲ್ಲ ಬಿಡಲೇ ಅನ್ನುತ್ತಿದ್ದ ದನಿ ನನಗೆ ಮರ್ಯಾದೆ ಕೊಟ್ಟಿತ್ತು. ಅನಾಮತ್ತಾಗಿ ಓಡಿಸಿದವನಿಗೂ ಬಹುವಚನ ತಪ್ಪಿಸದ ಮನುಷ್ಯ ಈ ಭೂಮಿಯ ಮೇಲೆ ನನಗೆ ಗೊತ್ತಿದ್ದದ್ದು ಒಬ್ಬನೇ.

ಓಬಳೇಶ, ಚಿಕ್ಕಣ್ಣ ಇಬ್ಬರೂ ಓಡಿ ಬಂದು ಎಬ್ಬಿಸಿದರು. "ಕೆಂಚಪ್ಪ ಸತ್ತಿದ್ದು ಎಲ್ಲಿ ಓಬಳೇಶ? ಮನೆಯವರ ಹತ್ತಿರ ಹೋಗಿ ಬರಬೇಕು" ಅಂದೆ.

"ನಂಗೇನು ಗೊತ್ತು ಸಾ? ಸತ್ತ ಅಂತ ನೀವೇ ಹೇಳಿದ್ದು."

ಮೂವರೂ ರುದ್ರಣ್ಣನ ಅಂಗಡಿಗೆ ಹೋದೆವು. ರುದ್ರಣ್ಣ ಬೋಂಡ ಎತ್ತುವ ಜಾಲರಿ ಹಿಡಿದುಕೊಂಡೇ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸತ್ತ ಅಂತ ನಾನೆಲ್ಲಿ ಅಂದೆ? ಹೋದ ಅಂದೆ. ಹೊಸದುರ್ಗಕ್ಕೆ ಹೋದ, ಅತ್ತೆ ಮನೆ ಕಡೆ ಪಂಚರ್ ಅಂಗಡಿ ಇಡ್ತಾನಂತೆ ಅಂತ ಹೇಳಾಣ ಅಂದ್ರೆ ನೀವು ಎದ್ದೇ ಹೋದ್ರಿ."

ನಮ್ಮ ಭಾಷೆಯಲ್ಲಿ ಊರು ಬಿಟ್ಟವನೂ ಹೋದವನೇ, ಲೋಕ ಬಿಟ್ಟವನೂ ಹೋದವನೇ. ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆಯಿಲ್ಲದವನು ಯಾರನ್ನು ಬೇಕಾದರೂ ಕೊಂದುಹಾಕಬಹುದು. ಬದುಕಿರುವವನಿಗೆ ಮೌನಾಚರಣೆ ಮಾಡಿಸಿದ ನಾನು ಮುಖ ಒರೆಸಿಕೊಂಡೆ. ಆದರೆ ನಿರಾಳವಾಗಲಿಲ್ಲ. ಸತ್ತವನ ದನಿಯಾದರೆ ಅದಕ್ಕೊಂದು ಪದ್ಧತಿ ಇದೆ, ಪೂಜೆ ಇದೆ, ಶಾಂತಿ ಇದೆ. ಬದುಕಿರುವವನ ದನಿ ಅವನಿಲ್ಲದ ಜಾಗದಲ್ಲಿ ಕೇಳಿಸಿದರೆ ಏನು ಮಾಡಬೇಕು ಎಂದು ಯಾವ ಶಾಸ್ತ್ರದಲ್ಲೂ ನಾನು ಓದಿರಲಿಲ್ಲ.

ಮುಂದಿನ ಭಾನುವಾರ ನಾನೂ ಚಿಕ್ಕಣ್ಣನೂ ಬಸ್ಸು ಹಿಡಿದು ಹೊಳಲ್ಕೆರೆ ದಾಟಿ ಹೊಸದುರ್ಗಕ್ಕೆ ಹೋದೆವು. ಹಾಲುರಾಮೇಶ್ವರದ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು. ಮುಂದೆ ಹಳೆಯ ಟೈರುಗಳ ಗುಡ್ಡೆ. ಕೆಂಚಪ್ಪ ನೀರಿನ ಬಾನಿಯಲ್ಲಿ ಟ್ಯೂಬು ಅದ್ದಿ ಎಲ್ಲಿಂದ ಗುಳ್ಳೆ ಏಳುತ್ತದೆಂದು ನೋಡುತ್ತಿದ್ದ. ಕನ್ನಡಕ ಬಂದಿತ್ತು, ಮೈ ಸ್ವಲ್ಪ ತುಂಬಿಕೊಂಡಿತ್ತು. ನನ್ನನ್ನು ಕಂಡು ಎದ್ದ. "ಬರ್ರಿ ಸಾ, ಕುಂತ್ಕಳ್ರಿ" ಅಂದವನು ಸ್ಟೂಲನ್ನು ಪಂಚೆಯಲ್ಲಿ ಒರೆಸಿಕೊಟ್ಟ. ಹಿಂದಿನ ಮನೆಯಿಂದ ಅವನ ಹೆಂಡತಿ ಗೌರಮ್ಮ ಚಾ ತಂದರು. ಚಿಕ್ಕಣ್ಣನನ್ನು ಪರಿಚಯಿಸಿದೆ: "ಈಗ ಎಡಗಡೆ ಇವನೇ." ಕೆಂಚಪ್ಪ ಅವನ ಮುಖ ನೋಡಲಿಲ್ಲ, ಕಾಲು ನೋಡಿದ.

ಮಳೆ, ತೆಂಗು, ಹಾಲುರಾಮೇಶ್ವರಕ್ಕೆ ಬರುವ ಜನರ ಗಾಡಿಗಳು, ಹೀಗೆ ಏನೇನೋ ಮಾತಾಡಿದೆವು. ಬಂದ ವಿಷಯ ಮಾತ್ರ ನಾನು ತೆಗೆಯಲಿಲ್ಲ. ಕೆಂಚಪ್ಪ ಒಂದು ಚಕ್ರದ ಬೋಲ್ಟು ಬಿಗಿ ಮಾಡುತ್ತ ಬಗ್ಗಿದ್ದ. ಗೋಡೆಯ ಗಡಿಯಾರ ಐದು ತೋರಿಸುತ್ತಿತ್ತು. ತಲೆ ಎತ್ತದೆ, ಕೈ ನಿಲ್ಲಿಸದೆ, ಯಾರಿಗೂ ಅಲ್ಲದ ಹಾಗೆ ಅವನು ಹೇಳಿದ:

"ಬಿಡಲೇ, ನಂದು."

ಚಿಕ್ಕಣ್ಣ ಸ್ಟೂಲಿನಿಂದ ಎದ್ದು ನಿಂತುಬಿಟ್ಟ. ಗೌರಮ್ಮನಿಗೆ ಆಶ್ಚರ್ಯವೇನೂ ಆದಂತಿರಲಿಲ್ಲ. "ದಿನಾ ಹಂಗೇ ಕಣ್ರಿ. ಐದರ ಹೊತ್ತಿಗೆ ಒಂದ್ಸಲ ಅಂತಾರೆ. ಯಾರಿಗೆ ಅಂದ್ರಿ ಅಂದ್ರೆ, ನಾನೆಲ್ಲಿ ಏನಂದೆ ಅಂತಾರೆ" ಅಂದರು. ಖಾಲಿ ಲೋಟ ತೆಗೆದುಕೊಳ್ಳಲು ಬಗ್ಗಿದವರು ಏನೋ ನೆನೆಸಿಕೊಂಡು ಸಣ್ಣಗೆ ನಕ್ಕರು. "ಮೊನ್ನೆ ಒಂದಿನ ಮಾತ್ರ, ಬಿಡ್ರಿ ಸಾ ಅಂದ್ರು. ಯಾವ ಸಾಹೇಬರು ಬಂದಿದ್ರೋ ಏನೋ."

ನಾನು ಆಗ ಬಾಯಿ ಬಿಟ್ಟೆ. ಮೂಲೆಯ ದನಿ, ಹೋದ ಮೂವರು ಆಟಗಾರರು, ನಾನು ಮಣ್ಣಿನಲ್ಲಿ ಕೂತಿದ್ದು, ಎಲ್ಲ ಹೇಳಿದೆ. ಕೊನೆಗೆ, "ತಪ್ಪಾಯ್ತು ಕೆಂಚಪ್ಪ. ನಿನ್ನ ಹತ್ತಿರ ಬಂದು ಹೇಳಬೇಕಿತ್ತು" ಅಂದೆ. ಐವತ್ತೈದು ವರ್ಷದ ನನಗೆ ಆ ಎರಡು ವಾಕ್ಯ ಹೇಳುವಷ್ಟರಲ್ಲಿ ಬೆವರು ಕಿತ್ತುಕೊಂಡಿತು.

ಅವನು ಟ್ಯೂಬಿನ ಮೇಲೆ ಕೈಯಾಡಿಸಿದ. "ತೆಗೆದಿದ್ದು ತಪ್ಪಲ್ಲ ಸಾ. ಕಾಲು ಸೋತಿದ್ವು, ನಂಗೂ ಗೊತ್ತಿತ್ತು. ಆದ್ರೆ ನಂಗೆ ಅದನ್ನ ಗ್ವಾಡೆ ಹೇಳ್ತು. ನೀವು ಅಲ್ಲೇ ಕುಂತಿದ್ರಿ, ನೀವು ಹೇಳ್ಲಿಲ್ಲ. ಗ್ವಾಡೆಗೆ ನಾನೇನಂತ ಉತ್ತರ ಕೊಡ್ಲಿ?"

ಅವನು ಕೈ ತೊಳೆದು ಹೊರಗೆ ಬಂದ. ಚಿಕ್ಕಣ್ಣನನ್ನು ರಸ್ತೆಯ ಪಕ್ಕದ ಮಣ್ಣಿನಲ್ಲಿ ನಿಲ್ಲಿಸಿದ. ಭುಜ ಹಿಡಿದು ಅರೆ ತಿರುಗಿಸಿದ. "ನೆಟ್ಟಗೆ ನಿಂತ್ಕಬ್ಯಾಡ, ವಾರೆ ನಿಂತ್ಕ. ಚೆಂಡು ನೋಡಬ್ಯಾಡ, ಅವನ ಸೊಂಟ ನೋಡು. ಕಾಲು ಸುಳ್ಳು ಹೇಳ್ತವೆ, ಸೊಂಟ ಹೇಳಾಕಿಲ್ಲ." ಹಳೆಯ ಟೈರುಗಳನ್ನು ಎದುರಾಳಿಗಳ ಹಾಗೆ ಉರುಳಿಸಿ ಉರುಳಿಸಿ ತೋರಿಸಿದ. ಅರ್ಧ ಗಂಟೆ ಆ ಇಬ್ಬರೂ ನಾನೊಬ್ಬ ಇದ್ದೇನೆಂಬುದನ್ನೇ ಮರೆತಿದ್ದರು.

ಹೊರಡುವಾಗ ಚಿಕ್ಕಣ್ಣ ಕೇಳಿದ: "ಅಣ್ಣಾ, ಒಂದಿನ ಗ್ರೌಂಡಿಗೆ ಬಾ. ನೀನು ಬಂದ್ರೆ ಸರಿಹೋಗ್ತೈತೇನೋ."

"ಬರಾಕಿಲ್ಲ ಕಣೋ" ಅಂದ ಕೆಂಚಪ್ಪ, ಮತ್ತೆ ಬಾನಿಯ ಮುಂದೆ ಕೂರುತ್ತ. "ಅಲ್ಲಿ ಒಬ್ಬ ಇದಾನಲ್ಲ."

ಅದು ತಮಾಷೆಯೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ನೀರು ನೋಡುತ್ತಿದ್ದ. ನಾನೂ ನೋಡಿದೆ. ಕೈಯಲ್ಲಿ ಟ್ಯೂಬು ಇರಲಿಲ್ಲ, ಆದರೂ ನೀರಿನಲ್ಲಿ ಒಂದೊಂದೇ ಗುಳ್ಳೆ ಏಳುತ್ತಿತ್ತು.

ಮುಂದಿನ ಆಟ ಹಿರಿಯೂರಿನ ತಂಡದ ಮೇಲೆ. ಗೆಲ್ಲದಿದ್ದರೆ ನಮ್ಮ ವರ್ಷ ಅಲ್ಲಿಗೇ ಮುಗಿಯುತ್ತಿತ್ತು. ಕೊನೆಯ ಹತ್ತು ನಿಮಿಷ, ನಾವು ಒಂದು ಗೋಲು ಮುಂದೆ. ಎಡ ಮೂಲೆಗೆ ಎತ್ತರದ ಚೆಂಡು ಬಂತು. ಚಿಕ್ಕಣ್ಣ ವಾರೆಯಾಗಿ ನಿಂತಿದ್ದ. ಅವನ ತಲೆ ಸ್ವಲ್ಪ ಓರೆಯಾದದ್ದು ಗೆರೆಯ ಆಚೆಯಿಂದಲೇ ನನಗೆ ಕಾಣಿಸಿತು, ಯಾರೋ ಕಿವಿಯಲ್ಲಿ ಏನೋ ಹೇಳಿದಾಗ ಓರೆಯಾಗುತ್ತದಲ್ಲ, ಹಾಗೆ. ನಾನು ಕಣ್ಣು ಮುಚ್ಚಿದೆ. ತೆರೆದಾಗ ಚೆಂಡು ಅವನ ಎದೆಯ ಮೇಲಿಂದ ಇಳಿದು, ಅವನ ಕಾಲಿಂದ ಹೊರಟು, ಮೈದಾನದ ಮಧ್ಯಕ್ಕೆ ಹೋಗುತ್ತಿತ್ತು.

ಆಟ ಮುಗಿದ ಮೇಲೆ ಕೇಳಿದೆ. ಈ ಸಲ ಅವನು ಬೆರಳು ಎತ್ತಲಿಲ್ಲ.

"ನಿಂದೇ, ತಗ ಅಂತು ಸಾ."

ಆ ದಿನದಿಂದ ಮೂಲೆ ಮೌನವಾಗಿದೆ. ಗೌರಮ್ಮನಿಗೆ ಫೋನು ಮಾಡಿ ವಿಚಾರಿಸಿದೆ. ಐದರ ಹೊತ್ತಿಗೆ ಈಗ ಸುಮ್ಮನೆ ಚಾ ಕುಡಿಯುತ್ತಾರಂತೆ. ಏನು ನಡೆಯಿತು ಎಂದು ವಿವರಿಸುವ ವಿದ್ಯೆ ನನಗಿಲ್ಲ. ಮನುಷ್ಯನನ್ನು ಒಂದು ಜಾಗದಿಂದ ಎಬ್ಬಿಸುವುದು ಸುಲಭ. ಅವನು ಪೂರ್ತಿ ಎದ್ದನೋ, ಅರ್ಧ ಅಲ್ಲೇ ಕೂತನೋ ಎಂದು ನೋಡುವ ವ್ಯವಧಾನ ನಮಗಿರುವುದಿಲ್ಲ ಅಂತ ಮಾತ್ರ ಅನ್ನಿಸುತ್ತದೆ.

ಮತ್ತೆ ಏಪ್ರಿಲ್ ಬಂತು. ಓಬಳೇಶನಿಗೆ ನಲವತ್ತೊಂದು. ಹೋದ ವರ್ಷ ಎಡಕ್ಕೆ ಜಿಗಿಯಬೇಕಾದಲ್ಲೆಲ್ಲ ಅವನ ಕಣ್ಣು ಜಿಗಿಯಿತು, ಮೈ ಜಿಗಿಯಲಿಲ್ಲ. ಎಂದೂ ಮುಟ್ಟದ ಆ ಒಂದು ಜಾಗಕ್ಕೆ ಈ ಸಲ ಹೊಸಬ ಬೇಕಿತ್ತು. ಭಾನುವಾರ ಅವನು ಮನೆಯಲ್ಲಿರುತ್ತಾನೆ ಅಂತ ಹಿರಿಯೂರಿಗೆ ಹೋದೆ. ಊಟ ಮಾಡಿದೆ, ಮಜ್ಜಿಗೆ ಕುಡಿದೆ, ಅವನ ಮಗಳ ಅಂಕಪಟ್ಟಿ ನೋಡಿದೆ. ಹೇಳಲು ಮೂರು ಗಂಟೆ ಹಿಡಿಯಿತು. ಕೊನೆಗೆ ಅವನ ಮುಖ ನೋಡಿಕೊಂಡೇ ಹೇಳಿದೆ.

ಓಬಳೇಶ ತನ್ನ ದೊಡ್ಡ ಅಂಗೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಅವನ್ನೇ ನೋಡುತ್ತ ಕೂತ. ಸಿಟ್ಟು ಮಾಡಲಿಲ್ಲ. "ಗೊತ್ತಿತ್ತು ಬಿಡ್ರಿ" ಅಂದ. ಆಮೇಲೆ ನಿಧಾನಕ್ಕೆ ಕೇಳಿದ: "ಇನ್ನು ಸಂಜೆ ಐದಕ್ಕೆ ನಾನೇನು ಮಾಡ್ಲಿ ಸಾ?"

ಈ ಪ್ರಶ್ನೆಯನ್ನು ನಾನು ಯಾವತ್ತೂ ಯೋಚಿಸಿರಲಿಲ್ಲ. "ನಡಿ, ಸ್ವಲ್ಪ ಅಡ್ಡಾಡಿ ಬರೋಣ" ಅಂದೆ. ಇಬ್ಬರೂ ವೇದಾವತಿಯ ಸೇತುವೆಯವರೆಗೆ ನಡೆದು ಕಟ್ಟೆಗೆ ಒರಗಿ ನಿಂತೆವು. ಕೆಳಗೆ ಹೊಳೆಯಲ್ಲಿ ನೀರಿಗಿಂತ ಜೊಂಡೇ ಹೆಚ್ಚಿತ್ತು. ಐದು ಗಂಟೆಯಾಯಿತು. ನಾನು ಹೊಳೆ ನೋಡುವವನ ಹಾಗೆ ನಟಿಸುತ್ತ ಓರೆಗಣ್ಣಿನಲ್ಲಿ ಅವನ ತುಟಿಗಳನ್ನೇ ನೋಡುತ್ತಿದ್ದೆ. ಅವು ಒಮ್ಮೆ ಅದುರಿದವು.

"ಕೈ ಜುಮ್ಮಂತೈತೆ ಸಾ" ಅಂದ ಓಬಳೇಶ. "ಇನ್ನೊಂದು ಸ್ವಲ್ಪ ಹೊತ್ತು ನಿಂತಿರಾಣ."

ನಿಂತೆವು.